ಮಾರುತಿ 800 ಕಾರ್ಬ್ ಮಾಡೆಲ್: ಎಕ್ಸಲರೇಟರ್ ಒತ್ತಿದ ಕೂಡಲೇ ಮುಗ್ಗರಿಸುತ್ತಿದೆ, ಏನು ನೋಡಬೇಕು?

ಶಿರಸಿ800

ಎಲ್ಲರಿಗೂ ನಮಸ್ಕಾರ. ನಮ್ಮದು 1993ರ ಮಾರುತಿ 800. ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸುವ ಭಾಗ, ಕಾರ್ಬ್) ಗಾಡಿ, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಸಂಪರ್ಕದಿಂದ ಕಿಡಿ ಕೊಡುವ ಹಳೇ ಪದ್ಧತಿ), ನಾಲ್ಕು ಗೇರ್. ಅಪ್ಪ ತೆಗೆದುಕೊಂಡಿದ್ದು, ಹಾಗಾಗಿ ಮಾರುವ ಮಾತೇ ಇಲ್ಲ.

ತೊಂದರೆ ಇದು. ನಿಂತಲ್ಲಿಂದ ಹೊರಡುವಾಗ, ಇಲ್ಲವೇ ಹಂಪ್ ದಾಟಿ ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ, ಒಂದು ಕ್ಷಣ ಎಂಜಿನ್ ಆಫ್ ಆದ ಹಾಗೆ ಆಗುತ್ತದೆ. ಆಮೇಲೆ ಜರ್ಕ್ ಹೊಡೆದು ಎಳೆಯುತ್ತದೆ. ಸ್ಲೋ (ಎಕ್ಸಲರೇಟರ್ ಒತ್ತದೇ ಎಂಜಿನ್ ಓಡುವುದು) ಚೆನ್ನಾಗಿದೆ. ಅರವತ್ತರಲ್ಲಿ ಒಂದೇ ಸಮ ಹೋಗುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಆದರೆ ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಪ್ರಾಣ ಬಾಯಿಗೆ ಬರುತ್ತದೆ. ತಿರುವಿನಲ್ಲಿ ಗೇರ್ ಇಳಿಸಿ ಒತ್ತುತ್ತೇನೆ, ಗಾಡಿ ಮುಗ್ಗರಿಸುತ್ತದೆ, ಹಿಂದೆ ಲೋಡ್ ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ.

ಗ್ಯಾರೇಜಿನಲ್ಲಿ ಕಾರ್ಬ್ ಬಿಚ್ಚಿ ತೊಳೆದಿದ್ದಾರೆ. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು, ಪೆಟ್ರೋಲ್ ಫಿಲ್ಟರ್ ಹೊಸದು. ಸ್ವಲ್ಪವೂ ಬದಲಾಗಿಲ್ಲ. ಈಗ ಹೊಸ ಕಾರ್ಬ್ ಹಾಕಿಸಿ ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ಇಲ್ಲಿ ಕೇಳೋಣ ಅಂತ ಬರೆಯುತ್ತಿದ್ದೇನೆ.

ಟ್ಯಾಪೆಟ್

ಇದು ಪೆಟ್ರೋಲ್ ಕಥೆ ಸ್ವಾಮಿ. ಈಗ ಬರುವುದೆಲ್ಲ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಜೆಟ್‌ಗೆ (ಕಾರ್ಬಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಅದು ಸಾಲುವುದಿಲ್ಲ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಮಾಡಿಸಿ, ಸರಿ ಹೋಗುತ್ತದೆ. ನಮ್ಮ ಓಮ್ನಿಗೆ ಹಾಗೇ ಮಾಡಿಸಿದ್ದೇವೆ.

ಹಳೇಪಾಯಿಂಟ್

ಹೊಸ ಕಾರ್ಬ್ ಬೇಡ. ಜೆಟ್ಟೂ ಮುಟ್ಟಬೇಡಿ. ಮೊದಲು ಗಾಡಿ ಏನು ಹೇಳುತ್ತಿದೆ ಕೇಳಿಸಿಕೊಳ್ಳೋಣ.

ನಾನು ಹುಬ್ಬಳ್ಳಿಯಲ್ಲಿ ಗ್ಯಾರೇಜ್ ನಡೆಸುತ್ತಿದ್ದವನು. ಈ 796 ಸಿಸಿ ಮೂರು ಸಿಲಿಂಡರಿನ ಎಂಜಿನ್ ಮೇಲೆ ನನಗೆ ಬಹಳ ಪ್ರೀತಿ, ಯಾಕೆಂದರೆ ಇದು ಸುಳ್ಳು ಹೇಳುವುದಿಲ್ಲ. ನೀವು ಬರೆದಿದ್ದರಲ್ಲಿ ಮುಖ್ಯವಾದ ಮಾತು ಒಂದಿದೆ: ಒಂದೇ ಸಮ ಹೋದರೆ ತೊಂದರೆ ಇಲ್ಲ. ಮೇನ್ ಜೆಟ್ ಸಣ್ಣದಾಗಿದ್ದರೆ, ಕಟ್ಟಿಕೊಂಡಿದ್ದರೆ, ಪೆಟ್ರೋಲ್ ಪಂಪ್ ಸೋತಿದ್ದರೆ, ಅರವತ್ತರಲ್ಲಿ ಎಳೆಯುವಾಗಲೇ ಗೊತ್ತಾಗಬೇಕಿತ್ತು. ನಿಮ್ಮ ಗಾಡಿ ತಕರಾರು ಮಾಡುತ್ತಿರುವುದು ಥ್ರಾಟಲ್ (ಎಕ್ಸಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು) ಚಲಿಸುವ ಆ ಕ್ಷಣದಲ್ಲಿ ಮಾತ್ರ. ಹಾಗಾದರೆ ಆ ಕ್ಷಣದಲ್ಲಿ ಏನೇನು ಕೆಲಸ ಮಾಡಬೇಕೋ ಅಷ್ಟನ್ನೇ ಹುಡುಕಬೇಕು.

ಆ ಕ್ಷಣದಲ್ಲಿ ಆಗುವುದು ಇಷ್ಟು. ಥ್ರಾಟಲ್ ಫಕ್ಕನೆ ತೆರೆದಾಗ ಗಾಳಿ ಹಗುರ, ತಕ್ಷಣ ನುಗ್ಗುತ್ತದೆ. ಪೆಟ್ರೋಲ್ ಭಾರ, ಅದು ಹಿಂದೆ ಬೀಳುತ್ತದೆ. ಜೊತೆಗೆ ಮ್ಯಾನಿಫೋಲ್ಡಿನ (ಕಾರ್ಬಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯ) ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಆವಿಯಾಗಿದ್ದ ಪೆಟ್ರೋಲ್ ಮತ್ತೆ ಹನಿಯಾಗಿ ಗೋಡೆಗೆ ಅಂಟುತ್ತದೆ. ಸಿಲಿಂಡರಿಗೆ ಹೋಗುವುದು ಬರೀ ಗಾಳಿ ಅನ್ನಬಹುದು. ಈ ಕೊರತೆ ತುಂಬಲಿಕ್ಕೆ ಅಂತಲೇ ಕಾರ್ಬಿನ ಪಕ್ಕದಲ್ಲಿ ಎಕ್ಸಲರೇಟರ್ ಪಂಪ್ ಇದೆ. ಪೆಡಲ್ ಒತ್ತಿದ ಕೂಡಲೇ ಪಿಚಕ್ ಅಂತ ಒಂದು ಧಾರೆ ಪೆಟ್ರೋಲ್ ಹಾರಿಸುತ್ತದೆ. ಅದೇ ಹೊತ್ತಿಗೆ ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗದ) ವ್ಯಾಕ್ಯೂಮ್ ಅಡ್ವಾನ್ಸ್, ಅಂದರೆ ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ಭಾಗ, ಕೂಡ ಚಲಿಸುತ್ತದೆ. ಅಂದರೆ ಪೆಟ್ರೋಲ್ ಕಡೆ ಒಂದು, ಕರೆಂಟ್ ಕಡೆ ಒಂದು. ಎರಡನ್ನೂ ನೋಡಬೇಕು.

ಎರಡು ಪ್ರಶ್ನೆ. ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಜಾಸ್ತಿ ಮಾಡುವುದು) ಕಾಲು ಭಾಗ ಎಳೆದು ಓಡಿಸಿದರೆ ಮುಗ್ಗರಿಸುವುದು ಕಮ್ಮಿ ಆಗುತ್ತದೆಯಾ? ಎಕ್ಸಲರೇಟರನ್ನು ನಿಧಾನ ಒತ್ತಿದರೆ ಹೇಗೆ, ಫಕ್ಕನೆ ಒತ್ತಿದರೆ ಹೇಗೆ?

ಶಿರಸಿ800

ಇವತ್ತು ಬನವಾಸಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಚೋಕ್ ಸ್ವಲ್ಪ ಎಳೆದರೆ ಕಮ್ಮಿ ಆಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಬಿಸಿ ಆದ ಮೇಲೂ ಒಂದು ಸಣ್ಣ ಜರ್ಕ್ ಉಳಿಯುತ್ತದೆ. ನಿಧಾನ ಒತ್ತಿದರೆ ಜರ್ಕ್ ಸಣ್ಣದು, ಫಕ್ಕನೆ ಒತ್ತಿದರೆ ಜೋರು.

ಇನ್ನೊಂದು ಗಮನಿಸಿದೆ. ಜರ್ಕ್ ಹೊಡೆಯುವ ಆ ಕ್ಷಣ ಒಮ್ಮೊಮ್ಮೆ ಸೈಲೆನ್ಸರಿನಲ್ಲಿ ಸಣ್ಣದಾಗಿ ಟಪ್ ಅನ್ನುತ್ತದೆ.

ಹಳೇಪಾಯಿಂಟ್

ಒಳ್ಳೇ ಮಾಹಿತಿ. ಚೋಕ್ ಎಳೆದಾಗ ಕಮ್ಮಿ ಆಗುತ್ತದೆ ಅಂದರೆ ಆ ಕ್ಷಣಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಪೂರ್ತಿ ಹೋಗುವುದಿಲ್ಲ, ಸೈಲೆನ್ಸರಿನಲ್ಲಿ ಟಪ್ ಅನ್ನುತ್ತದೆ ಅಂದರೆ ಉರಿಯದ ಪೆಟ್ರೋಲ್ ಹೊರಗೆ ಹೋಗಿ ಅಲ್ಲಿ ಸಿಡಿಯುತ್ತಿದೆ. ಅಂದರೆ ಕರೆಂಟೂ ಒಂದು ಕ್ಷಣ ತಪ್ಪುತ್ತಿರಬಹುದು. ನನ್ನ ಪ್ರಕಾರ ನಿಮ್ಮಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಅದಕ್ಕೇ ಗ್ಯಾರೇಜಿನವರಿಗೆ ಸಿಕ್ಕಿಲ್ಲ. ಒಂದನ್ನು ಸರಿಮಾಡಿದರೂ ಇನ್ನೊಂದು ಉಳಿಯುತ್ತದೆ, ಉಳಿದಾಗ ಮೊದಲನೆಯದು ಕಾರಣವೇ ಅಲ್ಲ ಅಂತ ಬಿಟ್ಟುಬಿಡುತ್ತಾರೆ.

ಮೊದಲು ಸುಲಭದ್ದು. ಎಂಜಿನ್ ಆಫ್ ಮಾಡಿ, ತಣ್ಣಗಾಗಲಿ. ಏರ್ ಕ್ಲೀನರ್ ತೆಗೆಯಿರಿ. ಟಾರ್ಚ್ ಹಿಡಿದು ಕಾರ್ಬ್ ಬಾಯಿಯೊಳಗೆ ನೋಡುತ್ತಾ ಥ್ರಾಟಲ್ ಲಿವರನ್ನು ಕೈಯಿಂದ ಎಳೆಯಿರಿ. ಲಿವರ್ ಕದಲಿದ ಕೂಡಲೇ ಒಂದು ಸಣ್ಣ ಹಿತ್ತಾಳೆ ನಳಿಗೆಯಿಂದ ಪೆಟ್ರೋಲ್ ಧಾರೆಯಾಗಿ ಹಾರಬೇಕು. ತಡವಾಗಿ ಬಂದರೆ, ತೊಟ್ಟಿಕ್ಕಿದರೆ, ಗುಳ್ಳೆ ಗುಳ್ಳೆಯಾಗಿ ಬಂದರೆ ಪಂಪ್ ಡಯಾಫ್ರಮ್ (ಪೆಟ್ರೋಲ್ ತಳ್ಳುವ ರಬ್ಬರ್ ಪೊರೆ) ಹೋಗಿದೆ, ಇಲ್ಲವೇ ಒಳಗಿನ ಚೆಕ್ ಬಾಲ್ (ಪೆಟ್ರೋಲ್ ವಾಪಸ್ ಹೋಗದ ಹಾಗೆ ತಡೆಯುವ ಗುಂಡು) ಕೂರುತ್ತಿಲ್ಲ. ಬೀಡಿ, ಬೆಂಕಿ ಹತ್ತಿರ ಬೇಡ. ಗಾಡಿ ಬಯಲಲ್ಲಿ ನಿಲ್ಲಿಸಿ.

ಒಳಗೆ ಎಲ್ಲೂ ತಂತಿ ಹಾಕಬೇಡಿ. ಇದನ್ನು ಎಷ್ಟು ಹೇಳಿದರೂ ಕಮ್ಮಿ. ಜೆಟ್‌ಗಳ ತೂತು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೊರೆದದ್ದು. ತಾಮ್ರದ ತಂತಿ ಅಲ್ವಾ, ಮೆತ್ತಗಿದೆ ಅಂತ ತೂರಿಸುತ್ತಾರೆ, ಹಿತ್ತಾಳೆಯ ಅಂಚು ಸವೆಯುತ್ತದೆ, ಆಮೇಲೆ ಆ ಕಾರ್ಬ್ ಯಾವ ಸೆಟ್ಟಿಂಗಿಗೂ ನಿಲ್ಲುವುದಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಕಂಪ್ರೆಸರ್ ಗಾಳಿ ಸಾಕು.

ಟ್ಯಾಪೆಟ್

ಪಂಪ್ ವಿಷಯ ಒಪ್ಪಿದೆ. ಆದರೆ ಇ20 ಪ್ರಭಾವ ಇಲ್ಲವೇ ಇಲ್ಲ ಅನ್ನುತ್ತೀರಾ? 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇ20 ಬಿಡುಗಡೆ ಮಾಡಿದರು. ಆಮೇಲೆ ಎಲ್ಲ ಬಂಕಿನಲ್ಲೂ ಅದೇ ಬರತೊಡಗಿತು. ನಮ್ಮ ಗಾಡಿಗಳಿಗೆ ಅಲ್ಲಿಂದಲೇ ಕಾಟ ಶುರು.

ಹಳೇಪಾಯಿಂಟ್

ಪ್ರಭಾವ ಇದೆ, ಇಲ್ಲ ಅನ್ನುವುದಿಲ್ಲ. ಶುದ್ಧ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರಿಯಲಿಕ್ಕೆ 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು, ಅದರೊಳಗೇ ಆಕ್ಸಿಜನ್ ಇದೆ. ಇ20 ಅಂದರೆ ಹತ್ತಿರ ಹತ್ತಿರ ಹದಿಮೂರೂವರೆ ಆಗುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ನಮ್ಮ ಕಾರ್ಬಿಗೆ ಅದು ಗೊತ್ತಾಗುವುದಿಲ್ಲ, ಹಳೇ ಅಳತೆಯಲ್ಲೇ ಕೊಡುತ್ತದೆ. ಹಾಗಾಗಿ ಮಿಕ್ಸ್ಚರ್ ತೆಳು ಆಗುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ಅಂಚು ದಾಟುತ್ತದೆ.

ಆದರೆ ಅದಕ್ಕಿಂತ ದೊಡ್ಡ ಹೊಡೆತ ರಬ್ಬರಿಗೆ. ತೊಂಬತ್ತರ ದಶಕದ ಡಯಾಫ್ರಮ್, ಪೈಪ್, ಓ ರಿಂಗ್ ಯಾವುದೂ ಇಷ್ಟು ಎಥನಾಲ್ ನೋಡಿ ಮಾಡಿದ್ದಲ್ಲ. ಕೆಲವು ಊದುತ್ತವೆ, ಕೆಲವು ಒಣಗಿ ಬಿರಿಯುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರುವ ಸಾಧ್ಯತೆ ಇದೆ. ಆದ್ದರಿಂದ ಟ್ಯಾಂಕ್ ತುಂಬಿಸಿ ಇಡಿ, ಖಾಲಿ ಜಾಗ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಜೆಟ್ ದೊಡ್ಡದು ಮಾಡುವ ಮಾತು ಕೊನೆಯದು. ಎಲ್ಲ ಸರಿ ಇದ್ದು, ಪ್ಲಗ್ ಬೆಳ್ಳಗೆ ಸುಣ್ಣ ಬಳಿದ ಹಾಗೆ ಬರುತ್ತಿದ್ದರೆ ಆಗ ಯೋಚಿಸೋಣ. ಹರಿದ ಡಯಾಫ್ರಮ್ ಇಟ್ಟುಕೊಂಡು ಜೆಟ್ ದೊಡ್ಡದು ಮಾಡಿದರೆ ಮೈಲೇಜ್ ಬೀಳುತ್ತದೆ, ಜರ್ಕ್ ಉಳಿಯುತ್ತದೆ.

ಮೈನರ್ ಮೈಸೂರು

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಮಾರಿಸ್ ಮೈನರ್ ಇದೆ, ಎಸ್‌ಯು ಕಾರ್ಬ್. ಇದೇ ಥರ ಮುಗ್ಗರಿಸುತ್ತದೆ. ಆದರೆ ನನ್ನದರಲ್ಲಿ ಎಕ್ಸಲರೇಟರ್ ಪಂಪೇ ಕಾಣುತ್ತಿಲ್ಲವಲ್ಲ?

ಹಳೇಪಾಯಿಂಟ್

ಎಸ್‌ಯುನಲ್ಲಿ ಪಂಪ್ ಇರುವುದಿಲ್ಲ. ಮೇಲಿನ ಗುಮ್ಮಟದ ಕರಿ ಮುಚ್ಚಳ ತಿರುಗಿಸಿ ಎತ್ತಿ, ಒಂದು ಕಡ್ಡಿ ಬರುತ್ತದೆ. ಒಳಗೆ ಎಣ್ಣೆ ಇರಬೇಕು. ಆ ಎಣ್ಣೆಯೇ ಪಿಸ್ಟನ್ನನ್ನು ಫಕ್ಕನೆ ಏಳದ ಹಾಗೆ ತಡೆಯುತ್ತದೆ. ಪಿಸ್ಟನ್ ನಿಧಾನ ಎದ್ದರೆ ಆ ಕ್ಷಣಕ್ಕೆ ಎಳೆತ ಜಾಸ್ತಿಯಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ನಿಮ್ಮದರಲ್ಲಿ ಎಣ್ಣೆ ಖಾಲಿ ಆಗಿರುತ್ತದೆ, ನೋಡಿ. 20 ಗ್ರೇಡಿನ ತೆಳು ಎಂಜಿನ್ ಆಯಿಲ್ ಹಾಕಿ. ಗ್ರೀಸ್ ಬೇಡ, ಗೇರ್ ಆಯಿಲ್ ಬೇಡ.

ಮೈನರ್ ಮೈಸೂರು

ಒಣಗಿ ಹೋಗಿತ್ತು. ಎಣ್ಣೆ ಹಾಕಿದೆ. ಚಾಮುಂಡಿ ಬೆಟ್ಟ ಹತ್ತಿ ಬಂದೆ. ಅಷ್ಟೇ ಹೇಳಬೇಕಿತ್ತು, ತುಂಬಾ ಧನ್ಯವಾದ.

ಶಿರಸಿ800

ಟಾರ್ಚ್ ಹಾಕಿ ನೋಡಿದೆ. ಲಿವರ್ ಅರ್ಧ ದಾರಿ ಬಂದ ಮೇಲೆ ಒಂದೆರಡು ಹನಿ ತೊಟ್ಟಿಕ್ಕಿತು, ಧಾರೆಯೇ ಇಲ್ಲ. ಪಂಪ್ ಮುಚ್ಚಳದ ಸ್ಕ್ರೂ ಬಿಚ್ಚಿ ಡಯಾಫ್ರಮ್ ತೆಗೆದೆ. ಬೆರಳಲ್ಲಿ ಬಗ್ಗಿಸಿದರೆ ಹಳೇ ಚಪ್ಪಲಿಯ ಚರ್ಮದ ಹಾಗೆ ಗಡುಸು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಕಾರ್ಬ್ ತೊಳೆದವರು ಇದನ್ನು ತೆಗೆದಿರಲೇ ಇಲ್ಲ ಅನ್ನಿಸುತ್ತದೆ, ಸ್ಕ್ರೂಗಳ ಮೇಲೆ ಹಳೇ ಮಣ್ಣು ಹಾಗೇ ಇತ್ತು.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಜೆ.ಸಿ. ರೋಡಿನಲ್ಲಿ ರಿಪೇರಿ ಕಿಟ್ ಹುಡುಕಿಸುತ್ತಿದ್ದೇನೆ.

ಘಾಟಿಸವಾರ

ಕಿಟ್ ತೆಗೆದುಕೊಳ್ಳುವಾಗ ಹಳೇ ಡಯಾಫ್ರಮಿನ ಫೋಟೋ ಕಳಿಸಿ, ತೂತುಗಳ ಜಾಗ ಹೊಂದಬೇಕು. ಒಂದೇ ಪ್ಯಾಕೆಟ್ಟಿಗೆ 800, ಓಮ್ನಿ, ಜಿಪ್ಸಿ ಎಲ್ಲದಕ್ಕೂ ಆಗುತ್ತದೆ ಅಂತ ಮಾರುವವರಿದ್ದಾರೆ. ಜಿಪ್ಸಿಯದ್ದು ಬೇರೆ ಎಂಜಿನ್, ಒಂದು ಲೀಟರಿನದ್ದು, ಆಮೇಲೆ 1.3. ಕಾರ್ಬ್ ತಳದ ಗ್ಯಾಸ್ಕೆಟ್ ಕೂಡ ತರಿಸಿ. ಅಲ್ಲಿಂದ ಗಾಳಿ ಎಳೆದರೂ ಇದೇ ಥರ ಮುಗ್ಗರಿಸುತ್ತದೆ.

ಹಳೇಪಾಯಿಂಟ್

ಸರಿಯಾದ ಮಾತು. ಕಾರ್ಬ್ ತಳದಲ್ಲಿ, ಮ್ಯಾನಿಫೋಲ್ಡ್ ಜಾಯಿಂಟಿನಲ್ಲಿ, ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿ. ಎಂಜಿನ್ ಸ್ಲೋದಲ್ಲಿ ಇಟ್ಟು ಜಾಯಿಂಟುಗಳ ಸುತ್ತ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ, ಡಿಸ್ಟ್ರಿಬ್ಯೂಟರ್ ಕಡೆ ಬೀಳದ ಹಾಗೆ. ಎಂಜಿನ್ ಶಬ್ದ ಬದಲಾದರೆ ಅಲ್ಲೇ ಲೀಕ್. ಕಾರ್ಬ್ ಕ್ಲೀನರಿನಲ್ಲೂ ಮಾಡುತ್ತಾರೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಹೊತ್ತಿಕೊಳ್ಳಬಹುದು. ನನಗೆ ಇಷ್ಟವಿಲ್ಲ.

ಪದ್ಮಿನಿ ರಾಯಚೂರು

ನಂದೂ ಒಂದು ಕೇಳುತ್ತೇನೆ. ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಬೆಳಿಗ್ಗೆ ಚಿನ್ನದಂಥ ಗಾಡಿ. ಮಧ್ಯಾಹ್ನ ಪೇಟೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟರೆ ಮುಗ್ಗರಿಸುತ್ತದೆ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನೇ ಸರಿ ಹೋಗುತ್ತದೆ.

ಹಳೇಪಾಯಿಂಟ್

ನಿಮ್ಮದು ಬೇರೆ ಕಾಯಿಲೆ. ರಾಯಚೂರಿನ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲಿ, ಪಂಪಿನಲ್ಲಿ ಆವಿಯಾಗುತ್ತಿದೆ. ಗಾಡಿ ನಿಲ್ಲಿಸಿದ ಮೇಲೆ ಫ್ಯಾನ್ ಇಲ್ಲ, ನೀರು ತಿರುಗುವುದಿಲ್ಲ, ಬಾನೆಟ್ ಒಳಗೆ ಬಿಸಿ ಇನ್ನೂ ಏರುತ್ತದೆ. ಪಂಪ್ ಎಂಜಿನ್ನಿಗೇ ಅಂಟಿಕೊಂಡಿದೆ. ಅದು ಆವಿಯನ್ನು ತಳ್ಳಲಾರದು. ಎಥನಾಲ್ ಬೆರೆತ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ಎಥನಾಲ್ ಒಂದೇ ಇದ್ದರೆ 78 ಡಿಗ್ರಿಯವರೆಗೆ ಕುದಿಯುವುದಿಲ್ಲ, ಆದರೆ ಪೆಟ್ರೋಲಿಗೆ ಸ್ವಲ್ಪ ಬೆರೆಸಿದಾಗ ಒಟ್ಟು ಮಿಶ್ರಣದ ಆವಿ ಒತ್ತಡ ಏರುತ್ತದೆ.

ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ಎರಡು ನಿಮಿಷದಲ್ಲಿ ಸ್ಟಾರ್ಟ್ ಆದರೆ ಇದೇ ಕಾರಣ ಅಂತ ಖಚಿತ. ಶಾಶ್ವತ ಪರಿಹಾರಕ್ಕೆ ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ ಎಳೆಯಿರಿ, ಪಂಪಿನ ಕೆಳಗಿನ ದಪ್ಪ ಇನ್ಸುಲೇಟರ್ ಇದೆಯಾ ನೋಡಿ. ಯಾರೋ ಅದನ್ನು ತೆಗೆದು ಬರೀ ಪೇಪರ್ ಗ್ಯಾಸ್ಕೆಟ್ ಹಾಕಿರುತ್ತಾರೆ. ಹಾಗೆ ಮಾಡಿದರೆ ಬಿಸಿ ನೇರ ಪಂಪಿಗೆ, ಜೊತೆಗೆ ಪಂಪಿನ ಸ್ಟ್ರೋಕ್ ಕೂಡ ಬದಲಾಗುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತನ್ನೂ ನೋಡಿ. ಅದು ಮುಚ್ಚಿದ್ದರೆ ಪಂಪ್ ಎಳೆಯಲಾರದೆ ಸೋಲುತ್ತದೆ.

ಶಿರಸಿ800

ಕಿಟ್ ಬಂತು, ಹಾಕಿದೆ. ಈಗ ಲಿವರ್ ಕದಲಿದ ಕೂಡಲೇ ಧಾರೆ ಹಾರುತ್ತದೆ, ನೋಡಲಿಕ್ಕೇ ಖುಷಿ. ನಿಂತಲ್ಲಿಂದ ಹೊರಡುವಾಗಿನ ಆ ದೊಡ್ಡ ಮುಗ್ಗರಿಕೆ ಹೋಯಿತು. ತಳದ ಗ್ಯಾಸ್ಕೆಟ್ಟೂ ಹೊಸದು, ನೀರು ಚಿಮುಕಿಸಿ ನೋಡಿದೆ, ಲೀಕ್ ಇಲ್ಲ.

ಆದರೆ ನೀವು ಹೇಳಿದ ಹಾಗೇ ಸಣ್ಣ ಜರ್ಕ್ ಉಳಿದಿದೆ. ಕಾಲು ತೆಗೆದು ಮತ್ತೆ ಒತ್ತಿದಾಗ ಟಕ್ ಅಂತ ಒಮ್ಮೆ. ಘಟ್ಟದಲ್ಲಿ ಅದು ಹಾಗೇ ಇದೆ, ಟಪ್ ಅನ್ನುವುದೂ ಇದೆ. ಈಗ ಚೋಕ್ ಎಳೆದರೂ ಏನೂ ವ್ಯತ್ಯಾಸವಿಲ್ಲ.

ಹಳೇಪಾಯಿಂಟ್

ಚೋಕಿಗೆ ವ್ಯತ್ಯಾಸವಿಲ್ಲ ಅಂದರೆ ಪೆಟ್ರೋಲ್ ಲೆಕ್ಕ ಮುಗಿಯಿತು. ಇನ್ನು ಡಿಸ್ಟ್ರಿಬ್ಯೂಟರ್.

ಕಾರ್ಬಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಇದೆ ಅಲ್ವಾ, ಅದನ್ನು ಕಾರ್ಬ್ ತುದಿಯಲ್ಲಿ ತೆಗೆಯಿರಿ. ಬಾಯಿಂದ ಎಳೆದು ನಾಲಿಗೆಯಲ್ಲಿ ಮುಚ್ಚಿ ಹಿಡಿಯಿರಿ. ನಾಲಿಗೆ ಅಂಟಿಕೊಂಡು ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಅಡ್ವಾನ್ಸ್ ಡಯಾಫ್ರಮ್ ಹರಿದಿದೆ. ನಿಂತರೆ ಮುಂದಿನ ಪರೀಕ್ಷೆ: ಕಾರ್ಬ್ ಕಡೆಯ ನಳಿಗೆಗೆ ರಬ್ಬರ್ ಮುಚ್ಚಳ ಹಾಕಿ, ಪೈಪ್ ಇಲ್ಲದೇ ಗಾಡಿ ಓಡಿಸಿ. ಪಿಕಪ್ ಸ್ವಲ್ಪ ಮಂಕಾಗುತ್ತದೆ, ಅದು ಸಹಜ. ಜರ್ಕ್ ಹೋಗುತ್ತದೆಯಾ ಮಾತ್ರ ಗಮನಿಸಿ.

ಶಿರಸಿ800

ನಾಲಿಗೆ ಅಂಟಿ ನಿಂತಿತು. ಪೈಪ್ ತೆಗೆದು ಓಡಿಸಿದೆ. ಜರ್ಕ್ ಇಲ್ಲ! ಮತ್ತೆ ಪೈಪ್ ಹಾಕಿದೆ, ಜರ್ಕ್ ಬಂತು. ಏನಿದು?

ಹಳೇಪಾಯಿಂಟ್

ಸಿಕ್ಕಿತು. ಕ್ಯಾಪ್, ರೋಟರ್ ತೆಗೆಯಿರಿ. ಪಾಯಿಂಟ್ ಕೂತಿರುವ ತಟ್ಟೆ ಇದೆಯಲ್ಲ, ವ್ಯಾಕ್ಯೂಮ್ ಬಂದಾಗ ಆ ತಟ್ಟೆ ತಿರುಗುತ್ತದೆ. ನೀವು ಒತ್ತಿದಾಗ ಒಂದು ಸಲ, ಬಿಟ್ಟಾಗ ಒಂದು ಸಲ. ಪಾಯಿಂಟಿನಿಂದ ಹೊರಗಿನ ಟರ್ಮಿನಲ್ಲಿಗೆ ಬರುವ ಚಿಕ್ಕ ವೈರ್ ಪ್ರತಿ ಸಲವೂ ಬಾಗುತ್ತದೆ. ಮೂವತ್ತು ವರ್ಷ ಬಾಗಿ ಬಾಗಿ ಒಳಗಿನ ಎಳೆಗಳು ತುಂಡಾಗಿರುತ್ತವೆ. ಮೇಲಿನ ಹೊದಿಕೆ ಚೆನ್ನಾಗೇ ಇರುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ತಟ್ಟೆ ತಿರುಗುವ ಆ ಕ್ಷಣ ಮಾತ್ರ ಕನೆಕ್ಷನ್ ತಪ್ಪುತ್ತದೆ. ಒಂದೇ ಸಮ ಹೋಗುವಾಗ ತಟ್ಟೆ ಕದಲುವುದಿಲ್ಲ, ತೊಂದರೆಯೂ ಇಲ್ಲ. ತಟ್ಟೆಯ ಅರ್ತ್ ವೈರಿನದ್ದೂ ಇದೇ ಕಥೆ.

ಮಲ್ಟಿಮೀಟರ್ ಹಿಡಿದು ವೈರನ್ನು ಬೆರಳಲ್ಲಿ ಅಲ್ಲಾಡಿಸಿ. ಹೊಸದು ಹಾಕುವಾಗ ಮನೆ ವೈರಿಂಗಿನ ದಪ್ಪ ತಂತಿ ಬೇಡ, ಅದು ತಟ್ಟೆಯನ್ನು ತಿರುಗಲಿಕ್ಕೇ ಬಿಡುವುದಿಲ್ಲ. ತುಂಬ ಎಳೆಗಳಿರುವ ಮೆತ್ತನೆಯ ವೈರ್ ಬೇಕು.

ಶಿರಸಿ800

ಅದೇ! ಅಲ್ಲಾಡಿಸಿದರೆ ಮೀಟರ್ ಬೀಪ್ ಬಿಟ್ಟು ಬಿಟ್ಟು ಬರುತ್ತಿತ್ತು. ಹೊದಿಕೆ ಸೀಳಿ ನೋಡಿದೆ, ಒಳಗೆ ಒಂದೋ ಎರಡೋ ಎಳೆ ಉಳಿದಿದ್ದವು, ಉಳಿದದ್ದೆಲ್ಲ ಹಸಿರು ಪುಡಿ. ವೈರ್ ಬದಲಾಯಿಸಿದೆ. ಪಾಯಿಂಟೂ ತೆಗೆದು ಹೊಸದು ಹಾಕಿದೆ. ಗ್ಯಾಪ್ ಎಷ್ಟಿಡಲಿ? ಕಂಡೆನ್ಸರನ್ನೂ (ಪಾಯಿಂಟ್ ಸುಡದ ಹಾಗೆ ಕಾಯುವ ಸಣ್ಣ ಡಬ್ಬಿ) ಬದಲಾಯಿಸಲಾ?

ಹಳೇಪಾಯಿಂಟ್

ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿಲಿಮೀಟರ್. ಫೀಲರ್ ಗೇಜ್ ಎಣ್ಣೆ ಇಲ್ಲದ ಹಾಗೆ ಒರೆಸಿಕೊಂಡು ಇಡಿ, ಪಾಯಿಂಟ್ ಮೇಲೆ ಎಣ್ಣೆ ಕೂತರೆ ಸುಡುತ್ತದೆ. ಕ್ಯಾಮ್ ಮೇಲೆ ಚೂರೇ ಚೂರು ಗ್ರೀಸ್. ಪ್ಲಗ್ ಗ್ಯಾಪ್ 0.7ರಿಂದ 0.8. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಬೀಳುವ ಹೊತ್ತು) ಬದಲಾಗುತ್ತದೆ, ಆದ್ದರಿಂದ ಕೊನೆಗೆ ಟೈಮಿಂಗ್ ಲೈಟ್ ಇರುವವರ ಹತ್ತಿರ ಹೋಗಿ, ವ್ಯಾಕ್ಯೂಮ್ ಪೈಪ್ ತೆಗೆದು ಮುಚ್ಚಿ, ಮ್ಯಾನ್ಯುಯಲ್‌ನಲ್ಲಿ ಇರುವ ಅಳತೆಗೆ ಇಡಿಸಿ. ಅದಾದ ಮೇಲೆ ಸ್ಲೋ ಮಿಕ್ಸ್ಚರ್. ಈ ಕ್ರಮ ತಪ್ಪಿಸಬೇಡಿ. ಟೈಮಿಂಗ್ ಸರಿ ಇಲ್ಲದೇ ಕಾರ್ಬ್ ತಿರುಗಿಸಿದರೆ ಎರಡೂ ಕೆಡುತ್ತವೆ.

ಕಂಡೆನ್ಸರ್ ಚೆನ್ನಾಗಿದ್ದರೆ ಬದಲಾಯಿಸಬೇಡಿ. ಈಗ ಸಿಗುವ ಹೊಸದರಲ್ಲಿ ಕಳಪೆ ಜಾಸ್ತಿ. ಹಳೇ ಪಾಯಿಂಟಿನ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಡ್ಡ ಜೋರಾಗಿ ಎದ್ದಿದ್ದರೆ ಮಾತ್ರ ಕಂಡೆನ್ಸರ್ ಮೇಲೆ ಅನುಮಾನ ಪಡಿ.

ಟ್ಯಾಪೆಟ್

ಓದಿದ ಮೇಲೆ ನಮ್ಮ ಓಮ್ನಿಯ ಪಂಪ್ ಧಾರೆ ನೋಡಿದೆ. ಅದೂ ತೊಟ್ಟಿಕ್ಕುತ್ತಿದೆ. ಡಯಾಫ್ರಮ್ ಹಾಕಿಸಿ ಹಳೇ ಜೆಟ್ಟೇ ವಾಪಸ್ ಹಾಕಿಸುತ್ತೇನೆ.

ಪದ್ಮಿನಿ ರಾಯಚೂರು

ಒದ್ದೆ ಬಟ್ಟೆ ಹಾಕಿದ ಕೂಡಲೇ ಸ್ಟಾರ್ಟ್ ಆಯಿತು. ಪಂಪ್ ಕೆಳಗೆ ಇನ್ಸುಲೇಟರ್ ಇಲ್ಲ, ಬರೀ ಪೇಪರ್ ಇದೆ. ಇನ್ಸುಲೇಟರ್ ಎಲ್ಲೂ ಸಿಗುತ್ತಿಲ್ಲ. ಯಾರ ಹತ್ತಿರವಾದರೂ ಹಳೇದು ಇದ್ದರೆ ಅದರ ದಪ್ಪ ಅಳೆದು ಹೇಳಿ, ಬೇಕಲೈಟ್ ಹಾಳೆಯಲ್ಲಿ ಕತ್ತರಿಸಿಕೊಳ್ಳುತ್ತೇನೆ.

ಘಾಟಿಸವಾರ

ನನ್ನ ಮಾವನ ಶೆಡ್ಡಿನಲ್ಲಿ ಒಂದು ಪದ್ಮಿನಿ ಎಂಜಿನ್ ಬಿಚ್ಚಿಟ್ಟಿದ್ದೇವೆ. ಭಾನುವಾರ ಹೋಗಿ ಅಳೆದು ಇಲ್ಲೇ ಹಾಕುತ್ತೇನೆ, ಪಂಪನ್ನು ಒತ್ತುವ ಪುಶ್ ರಾಡ್ ಹೊರಗೆ ಎಷ್ಟು ಚಾಚಿದೆ ಅನ್ನುವುದನ್ನೂ ಅಳೆಯುತ್ತೇನೆ. ಎರಡೂ ಬೇಕು.

ಶಿರಸಿ800

ಟೈಮಿಂಗ್ ಇಡಿಸಿಕೊಂಡು ನೇರ ಕುಮಟಾಕ್ಕೆ ಹೋಗಿ ಬಂದೆ. ದೇವಿಮನೆಯಲ್ಲಿ ಬೇಕೆಂದೇ ಪ್ರತಿ ತಿರುವಿನಲ್ಲೂ ಕಾಲು ತೆಗೆದು ಮತ್ತೆ ಒತ್ತಿದೆ. ಜರ್ಕ್ ಇಲ್ಲ, ಟಪ್ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಮೂರೂ ತಿಳಿ ಕಂದು ಬಣ್ಣ. ಜೆಟ್ ಹಾಗೇ ಬಿಡಲಾ?

ಹಳೇಪಾಯಿಂಟ್

ಹಾಗೇ ಬಿಡಿ.